ಬೋರ್‌ವೆಲ್ ಆಳವೂ ಜಿಡಿಪಿ ಲೆಕ್ಕವೂ

ಇಂಡಿ ಕಡೆಯ ಒಂದು ನಿಂಬೆ ತೋಟ ಎಂದುಕೊಳ್ಳಿ. ಸಾವಿರ ಲೀಟರ್ ನೀರನ್ನು 100 ಮೀಟರ್ ಆಳದಿಂದ ಎತ್ತಲು ಲೆಕ್ಕದ ಪ್ರಕಾರ 0.27 ಯೂನಿಟ್ ಕರೆಂಟು ಸಾಕು. ಮೋಟರು, ಪಂಪು, ಪೈಪುಗಳಲ್ಲಿ ಅರ್ಧ ಹಾಳಾಗುತ್ತದೆ ಎಂದು ಹಿಡಿದರೆ ಸುಮಾರು 0.55. ನೀರು 200 ಮೀಟರಿಗೆ ಇಳಿಯಿತೋ, 1.1. ಗಿಡಕ್ಕೆ ಬಿದ್ದ ನೀರು ಅಷ್ಟೇ, ಪೇಟೆಗೆ ಹೋದ ನಿಂಬೆಯೂ ಅಷ್ಟೇ. ಜಿಡಿಪಿಗೆ ಒಂದು ರೂಪಾಯಿಯೂ ಹೆಚ್ಚು ಸೇರಲಿಲ್ಲ, ಕರೆಂಟು ಮಾತ್ರ ದುಪ್ಪಟ್ಟು. ವೋಲ್ಟೇಜ್ ಬಿದ್ದು ಸುಟ್ಟ ಮೋಟರಿಗೆ ತೆಳು ತಂತಿ ಸುತ್ತಿಸಿ ತಂದಿದ್ದರೆ ಅದು ಬಿಸಿಯಾಗಿ ಇನ್ನಷ್ಟು ತಿನ್ನುತ್ತದೆ. 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ಬಿಲ್ಲೇ ಇಲ್ಲದ್ದರಿಂದ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ದೇಶ ಬೆಳೆದಷ್ಟೂ ಹೊಗೆ, ಅಂದರೆ ಗಾಳಿಗೆ ಸೇರುವ ಇಂಗಾಲ, ಬೆಳೆಯಲೇಬೇಕು ಎನ್ನುವವರು ಈ ತೋಟ ನೋಡಬೇಕು. ಜಪಾನಿನ ಶಕ್ತಿ ತಜ್ಞ ಯೋಯಿಚಿ ಕಾಯಾ ಹೊಗೆಯ ಲೆಕ್ಕವನ್ನು ನಾಲ್ಕು ಅಂಶಗಳ ಗುಣಾಕಾರವಾಗಿ ಬಿಡಿಸಿಟ್ಟರು: ಜನಸಂಖ್ಯೆ, ತಲಾ ಉತ್ಪನ್ನ, ಒಂದು ರೂಪಾಯಿ ಉತ್ಪನ್ನಕ್ಕೆ ಬೇಕಾದ ಶಕ್ತಿ, ಆ ಶಕ್ತಿಯ ಒಂದು ಯೂನಿಟ್ಟಿಗೆ ಹೊಮ್ಮುವ ಇಂಗಾಲ. ಮೊದಲೆರಡನ್ನು ಗುಣಿಸಿದರೆ ಜಿಡಿಪಿ. ಆಳವಾದ ಬೋರ್‌ವೆಲ್ ಕೆಡಿಸಿದ್ದು ಮೂರನೆಯದನ್ನು. ನಾಲ್ಕನೆಯದು, ಕರೆಂಟು ಎಲ್ಲಿಂದ ಬಂತು ಎಂಬುದು. ಕೂಡಗಿಯ 2,400 ಮೆಗಾವಾಟ್ ಸ್ಥಾವರದಂತೆ ಕಲ್ಲಿದ್ದಲಿನಿಂದಾದರೆ ಯೂನಿಟ್ಟಿಗೆ ಸುಮಾರು 0.9 ಕಿಲೋ ಇಂಗಾಲದ ಡೈಆಕ್ಸೈಡ್. ಆಲಮಟ್ಟಿಯ 290 ಮೆಗಾವಾಟ್ ಜಲವಿದ್ಯುತ್ ಸ್ಥಾವರದಲ್ಲಿ ಏನನ್ನೂ ಉರಿಸುವುದೇ ಇಲ್ಲ. ಆದರೆ ಪಂಪುಗಳ ಓಟ ಜೋರಾಗುವ ಬೇಸಿಗೆಯಲ್ಲೇ ಜಲಾಶಯ ತಳ ಕಾಣುತ್ತದೆ.

2005ಕ್ಕೆ ಹೋಲಿಸಿದರೆ 2030ರೊಳಗೆ ಹೊಗೆಯ ತೀವ್ರತೆಯನ್ನು ಶೇ 45ರಷ್ಟು ಇಳಿಸುತ್ತೇವೆಂದು ಭಾರತ ಹೇಳಿದೆ. ತೀವ್ರತೆ ಎಂದರೆ ರೂಪಾಯಿಗಿಷ್ಟು ಹೊಗೆ, ಒಟ್ಟು ಹೊಗೆಯಲ್ಲ. ಜಿಡಿಪಿ ವರ್ಷಕ್ಕೆ ಶೇ 7 ಏರಿ, ತೀವ್ರತೆ ಶೇ 3 ಇಳಿದರೆ 1.07ನ್ನು 0.97ರಿಂದ ಗುಣಿಸಿ: ಹೊಗೆ ಶೇ 3.8 ಏರಿತು. ಇದೇ ಗತಿಯಲ್ಲಿ 19 ವರ್ಷಕ್ಕೆ ಇಮ್ಮಡಿ. ಭಾರತೀಯನ ತಲಾ ಹೊಗೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ ಇರುವಾಗ ಇದನ್ನು ಮೋಸ ಎನ್ನಲಾಗದು. ಇಳಿಕೆ ಎಂದು ಡಂಗುರ ಹೊಡೆಯುವುದೂ ಸರಿಯಲ್ಲ.

ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಲ್ಲಿ ನಾಲ್ಕನೆಯ ಅಂಶ ಇಳಿಯುವುದನ್ನು ಕಾಣಬಹುದು. ಟನ್ ಕಬ್ಬು ನುರಿಸಿದರೆ ಸುಮಾರು 300 ಕಿಲೋ ಸಿಪ್ಪೆ ಸಿಗುತ್ತದೆ, ಅದನ್ನೇ ಬಾಯ್ಲರಿನಲ್ಲಿ ಉರಿಸಿ ಉಗಿಯಿಂದ ಕರೆಂಟು ಮಾಡುತ್ತಾರೆ. ಅದರ ಹೊಗೆಯಲ್ಲೂ ಇಂಗಾಲವಿದೆ, ಆದರೆ ಬೆಳೆಯುವಾಗ ಕಬ್ಬು ಗಾಳಿಯಿಂದಲೇ ಹೀರಿದ್ದದು. ತೊಡಕು ತೇವದ್ದು: ಸಿಪ್ಪೆಯ ತೂಕದಲ್ಲಿ ಅರ್ಧ ನೀರೇ, ಬಾಯ್ಲರಿನ ಬಿಸಿಯ ಒಂದು ಪಾಲು ಅದನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಚಿಮಣಿಗೆ ಹೋಗುವ ಬಿಸಿ ಹೊಗೆಯಲ್ಲಿ ಮೊದಲೇ ಒಣಗಿಸಿದರೆ ಅಷ್ಟೇ ಸಿಪ್ಪೆಗೆ ಹೆಚ್ಚು ಉಗಿ. ಹಂಗಾಮು ಮುಗಿದು ಸಿಪ್ಪೆ ಖಾಲಿಯಾದಾಗ ಅದೇ ಬಾಯ್ಲರಿಗೆ ಕಲ್ಲಿದ್ದಲು ಸುರಿದರೆ, ಲೆಕ್ಕ ಮತ್ತೆ ಕೂಡಗಿಯ ಸಾಲಿಗೇ ಬಂದು ನಿಲ್ಲುತ್ತದೆ.