ಎತ್ತರಿಸಿದರೂ ಎತ್ತರವಾಗದ ಜಾಗ

ಗ್ಯಾರೇಜಿಗೆ ಹೊಸ ಪಿಕಪ್ ಬಂದು ನಿಂತರೆ ಮೊದಲ ಮಾತು ಯಾವುದು ಅಂತ ನನಗೆ ಗೊತ್ತು. "ಅಣ್ಣಾ, ಎರಡಿಂಚು ಎತ್ಬಿಡಿ. ಕೆಳಗೆ ತಗಲ್ತಾ ಐತೆ." ವಿ-ಕ್ರಾಸ್ ಆಗಲಿ, ಹೈಲಕ್ಸ್ ಆಗಲಿ, ಮಾತು ಅದೇ. ಏನು ತಗಲಿತು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಬಗ್ಗಿ ನೋಡಿರುವುದೇ ಇಲ್ಲ. ಗಾಡಿ ಎತ್ತರಿಸುವ ಲಿಫ್ಟ್ ಕಿಟ್ಟಿಗೆ ಲಕ್ಷದವರೆಗೂ ಸುರಿಯಲು ತಯಾರಾಗಿ ಬಂದವರು ಹತ್ತು ನಿಮಿಷ ನೆಲಕ್ಕೆ ಬೆನ್ನು ಹಚ್ಚಲು ತಯಾರಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಜಾರು ತರುತ್ತದೆ.

ಕೋಲಾರದಲ್ಲಿ ಈ ಕೆಲಸ ಮಾಡುತ್ತಾ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತು ಇದು: ಸಸ್ಪೆನ್ಷನ್ ಎತ್ತಿದರೆ ಹಿಂದಿನ ಹೌಸಿಂಗ್ ಎತ್ತರವಾಗುವುದಿಲ್ಲ. ತಲೆ ಆಡಿಸುತ್ತಾರೆ, ಆಮೇಲೆ "ಹಂಗಾದ್ರೆ ಮೂರಿಂಚು ಎತ್ತಿ" ಅನ್ನುತ್ತಾರೆ. ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ಎತ್ತಿನ ಗಾಡಿ ನೋಡಿದ್ದೀರಲ್ಲ. ಮೇಲಿನ ಹಲಗೆಯನ್ನು ಎಷ್ಟು ಎತ್ತರಕ್ಕೆ ಕಟ್ಟಿದರೂ ಅಚ್ಚು ಇರುವುದು ಚಕ್ರದ ನಡುಮಧ್ಯದಲ್ಲೇ. ಚಕ್ರ ದೊಡ್ಡದಾದರೆ ಮಾತ್ರ ಅಚ್ಚು ಮೇಲೇಳುತ್ತದೆ. ನಿಮ್ಮ ಪಿಕಪ್ಪಿನ ಹಿಂಭಾಗವೂ ಹೀಗೆಯೇ. ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಆಕ್ಸಲ್, ಅದರ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಹೌಸಿಂಗ್, ಒಳಗೆ ಕ್ರೌನ್ ಮತ್ತು ಪಿನಿಯನ್ ಗೇರುಗಳಿರುವ ಡಿಫರೆನ್ಷಿಯಲ್. ಅದರ ಮೇಲೆ ಲೀಫ್ ಸ್ಪ್ರಿಂಗ್, ಸ್ಪ್ರಿಂಗ್ ಮೇಲೆ ಚಾಸಿ. ಕಿಟ್ಟಿನವರು ಕೊಡುವ ಬ್ಲಾಕಾಗಲಿ, ಉದ್ದನೆಯ ಶ್ಯಾಕಲ್ಲಾಗಲಿ, ಹೊಸ ಸ್ಪ್ರಿಂಗಾಗಲಿ ಎಲ್ಲವೂ ಕೂರುವುದು ಆಕ್ಸಲ್ಲಿನ ಮೇಲುಗಡೆ. ಎದ್ದು ನಿಲ್ಲುವುದು ಚಾಸಿ ಮತ್ತು ಬಾಡಿ. ಕಲ್ಲಿಗೆ ಬಡಿಯುವ ಉಬ್ಬು ಇದ್ದಲ್ಲೇ ಇರುತ್ತದೆ.

ಮುಂದುಗಡೆ ಲೆಕ್ಕ ಬೇರೆ. ಅಲ್ಲಿ ಡಿಫರೆನ್ಷಿಯಲ್ ಚಾಸಿಗೇ ಬೋಲ್ಟಾಗಿದೆ, ಚಕ್ರಗಳು ಬೇರೆಬೇರೆಯಾಗಿ ಆಡುತ್ತವೆ. ಎತ್ತಿದರೆ ಮುಂದಿನದು ಮೇಲೇಳುತ್ತದೆ. ಮುಂದಿನದು ದಾಟಿದ ಕಲ್ಲಿಗೆ ಹಿಂದಿನದು ಹೊಡೆಯುವುದು ಇದಕ್ಕೇ. ಸೀಟಿನಲ್ಲಿ ಕೂತವರಿಗೆ "ದಾಟಿತು" ಅನ್ನಿಸಿದ ಮೇಲೆ ಆ ಶಬ್ದ ಬರುತ್ತದೆ.

ಮಾತಿನಲ್ಲಿ ನಂಬದವರಿಗೆ ಟೇಪು ಕೊಡುತ್ತೇನೆ. ಹೋದ ವರ್ಷ ನರಸಾಪುರದ ಕಡೆಯ ಹುಡುಗನೊಬ್ಬ, ಕಾರ್ಖಾನೆಯಲ್ಲಿ ಕೆಲಸ, ಎರಡಿಂಚು ಎತ್ತಿಸಿಯೇ ತೀರುತ್ತೇನೆ ಅಂತ ಹಟ ಹಿಡಿದ. ಗೋಣಿಚೀಲ ಹಾಸಿ ಅವನನ್ನೇ ಗಾಡಿ ಕೆಳಗೆ ಮಲಗಿಸಿದೆ. ನೆಲದಿಂದ ಹೌಸಿಂಗಿನ ಹೊಟ್ಟೆಗೆ ಇಪ್ಪತ್ತೆರಡು ಸೆಂಟಿಮೀಟರು. ಆಮೇಲೆ ಚಾಸಿಗೆ ಜಾಕಿ ಕೊಟ್ಟು, ಚಕ್ರ ನೆಲ ಬಿಡದಂತೆ, ಹಿಂಭಾಗವನ್ನು ಎರಡಿಂಚು ಎಬ್ಬಿಸಿದೆ. "ಈಗ ಅಳಿ" ಅಂದೆ. ಅಳೆದ. ಟೇಪು ಮಡಚಿ ಇನ್ನೊಂದು ಸಲ ಬಿಚ್ಚಿ ಅಳೆದ. "ಅಷ್ಟೇ ಐತಲ್ಲಣ್ಣಾ!" ಅಂದ ಅವನ ದನಿ ಗಾಡಿ ಕೆಳಗಿಂದ ಬಂದದ್ದು ನನಗೆ ಇನ್ನೂ ನೆನಪಿದೆ.

ಎತ್ತುವುದರಿಂದ ಏನೂ ಲಾಭವಿಲ್ಲ ಅಂತ ನಾನು ಹೇಳುತ್ತಿಲ್ಲ. ಗಾಡಿ ಉದ್ದ ಇರುವುದರಿಂದ ದಿಬ್ಬ ದಾಟುವಾಗ ನಡುಹೊಟ್ಟೆ ಕೂರುತ್ತದೆ, ಇಳಿಯುವಾಗ ಹಿಂದಿನ ಬಂಪರ್ ಉಜ್ಜುತ್ತದೆ. ನಿಮ್ಮ ತೊಂದರೆ ಅದೇ ಆಗಿದ್ದರೆ ಒಳ್ಳೆಯ ಸ್ಪ್ರಿಂಗು, ಒಳ್ಳೆಯ ಶಾಕ್ ಹಾಕಿ ಸ್ವಲ್ಪ ಎತ್ತುವುದಕ್ಕೆ ಅರ್ಥವಿದೆ. ತೊಂದರೆ ಯಾವುದು ಅಂತ ಮೊದಲು ಗೊತ್ತಿರಬೇಕು. ವಿಡಿಯೊಗಳಲ್ಲಿ ನೀವು ನೋಡುವ ಫೋರ್ಡ್ ಎಫ್-150ರಂಥ ಅಮೆರಿಕದ ದೊಡ್ಡ ಪಿಕಪ್‌ಗಳನ್ನು ಅಲ್ಲಿಯವರು ಮುಖ್ಯವಾಗಿ ಎತ್ತುವುದು 35 ಇಂಚಿನ ಟೈರಿಗೆ ಜಾಗ ಮಾಡಲು. ಹೌಸಿಂಗ್ ಎತ್ತುವುದು ಆ ಟೈರು. ಆ ಗಾಡಿಯ ಅಗಲ ಎರಡು ಮೀಟರಿಗೂ ಹೆಚ್ಚು, ನಮ್ಮ ಹೈಲಕ್ಸ್ 1,855 ಮಿಲಿಮೀಟರು. ಅದು ತಾಳಿಕೊಳ್ಳುವ ಎತ್ತರವನ್ನು ಇದು ತಾಳುವುದಿಲ್ಲ, ಅದರಲ್ಲೂ ತೋಟದ ಬದುವಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಹೋಗುವಾಗ.

ಹಾಗಾದರೆ ಟೈರೇ ದೊಡ್ಡದು ಮಾಡೋಣ ಅನ್ನುತ್ತೀರಿ. ಲೆಕ್ಕ ಹಾಕಿ. 265/65 ಆರ್17 ಟೈರಿನ ವ್ಯಾಸ ಸುಮಾರು 776 ಮಿಲಿಮೀಟರು. ಅದನ್ನು ತೆಗೆದು 285/70 ಆರ್17 ಹಾಕಿದರೆ ಸುಮಾರು 831. ವ್ಯಾಸದಲ್ಲಿ 55 ಹೆಚ್ಚಿತು, ಆದರೆ ಆಕ್ಸಲ್ ಏಳುವುದು ಅದರ ಅರ್ಧ: 27 ಮಿಲಿಮೀಟರು, ಒಂದಿಂಚಿನ ಮೇಲೆ ಚೂರು. ಅದಕ್ಕೆ ಪ್ರತಿಯಾಗಿ ಸ್ಪೀಡೋಮೀಟರ್ ಎಂಬತ್ತು ತೋರಿಸುವಾಗ ನೀವು ಹಿಂದಿಗಿಂತ ಏಳು ಪರ್ಸೆಂಟು ಜೋರಾಗಿ ಓಡುತ್ತಿರುತ್ತೀರಿ, ಗೇರು ಎಳೆಯುವುದಿಲ್ಲ, ಬ್ರೇಕಿಗೆ ಹೆಚ್ಚು ಕೆಲಸ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಡೆ ಉಜ್ಜಲೂಬಹುದು.

ನಮ್ಮ ಸೀಮೆಯಲ್ಲಿ ನಿಜಕ್ಕೂ ಗಾಡಿ ಹೂತುಕೊಳ್ಳುವ ಜಾಗ ಕೆರೆಯಂಗಳ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಒಂದೊಂದೇ ಕೆರೆ ತುಂಬಿದವು. ಅಂತರ್ಜಲಕ್ಕಾಗಿ ಸಾವಿರ ಅಡಿ ಕೊರೆಸಿದ ಊರು ನಮ್ಮದು, ನೀರು ಕಂಡರೆ ಯಾರಿಗೆ ಸಂತೋಷ ಆಗಲ್ಲ? ಆದರೆ ಮೊದಲು ಬಣಬಣ ಒಣಗಿರುತ್ತಿದ್ದ ಅಂಗಳದಲ್ಲಿ ಗಾಡಿ ಆಡಿಸಿ ಅಭ್ಯಾಸವಾದವರು ಈಗಲೂ ಇಳಿಸುತ್ತಾರೆ. ಮೇಲೆ ಬಿಸಿಲಿಗೆ ಬಿರುಕು ಬಿಟ್ಟ ಹೆಪ್ಪು, ಕೆಳಗೆ ಅಂಬಲಿ.

ಒಂದು ಸಂಜೆ ಫೋನು ಬಂತು. ಹೋಗಿ ನೋಡಿದರೆ ಬೇರೆ ಊರಿನಲ್ಲಿ ಎರಡಿಂಚು ಎತ್ತಿಸಿಕೊಂಡ, ದಪ್ಪ ಹಲ್ಲಿನ ಟೈರಿನ ಗಾಡಿ ಅಂಗಳದಲ್ಲಿ ನಿಂತಿದೆ. ಹಿಂದೆ ಮೂರು ಗೆರೆ. ಎರಡು ಟೈರಿನವು, ನಡುವಿನದು ಹೌಸಿಂಗ್ ನೇಗಿಲಿನಂತೆ ಉತ್ತ ಸಾಲು. ಬಾಡಿ ಕೆಳಗೆ ಮಗು ತೂರುವಷ್ಟು ಜಾಗ ಇತ್ತು, ಗಾಡಿ ಕೂತಿದ್ದು ಮಾತ್ರ ಆ ಉಬ್ಬಿನ ಮೇಲೆ. ಪಕ್ಕದ ಟೊಮೆಟೊ ತೋಟದ ಯಜಮಾನರು ಟ್ರ್ಯಾಕ್ಟರ್ ತಂದು ಸರಪಳಿಯನ್ನು ಪಿಕಪ್ಪಿನ ಟ್ರೇಲರ್ ಎಳೆಯುವ ಕಬ್ಬಿಣದ ಗುಂಡಿಗೆ (ಟೋ ಬಾಲ್) ಕಟ್ಟಲು ಹೊರಟಿದ್ದರು. ಕೈ ಮುಗಿದು ಬೇಡ ಅಂದೆ. ಎಳೆತಕ್ಕೆ ಆ ಗುಂಡು ಮುರಿದರೆ ಬಂದೂಕಿನ ಗುಂಡಿನಂತೆಯೇ ಹಾರುತ್ತದೆ. ಜೀವ ಹೋಗಿರುವ ಅಪಘಾತಗಳಿವೆ.

ಟೈರು ನಾಲ್ಕರಲ್ಲೂ ಗಾಳಿ 35 ಪಿಎಸ್‌ಐ ಇತ್ತು. ಕೀಲಿಯ ತುದಿಯಿಂದ ವಾಲ್ವಿನ ಪಿನ್ನು ಒತ್ತಿ 18ಕ್ಕೆ ಇಳಿಸಿದೆ. ಸನಿಕೆ ಹಿಡಿದು ಹೌಸಿಂಗಿನ ಹಿಂದಿನ ಮಣ್ಣು ಬಗೆದೆವು. ಫೋರ್ ಲೋ (ನಾಲ್ಕೂ ಚಕ್ರ ನಿಧಾನವಾಗಿ, ಬಲವಾಗಿ ಎಳೆಯುವ ಗೇರು) ಹಾಕಿಸಿ, ಎಕ್ಸಲರೇಟರ್ ತುಳಿಯದೆ, ಬಂದ ಗೆರೆಯಲ್ಲೇ ರಿವರ್ಸ್ ಬಿಡು ಅಂದೆ. ಟೈರಿನ ಪಕ್ಕಗಳು ಉಬ್ಬಿ, ಗಾಡಿ ಒಂದು ಸಲ ಕೊಸರಿ, ಮೆಲ್ಲಗೆ ಬಂತು. ಟ್ರ್ಯಾಕ್ಟರ್ ಬೇಕಾಗಲಿಲ್ಲ.

ಗಾಳಿ ಇಳಿದಾಗ ಟೈರು ನೆಲವನ್ನು ಉದ್ದುದ್ದಕ್ಕೆ ತಬ್ಬಿಕೊಳ್ಳುತ್ತದೆ, ಭಾರ ಹರಡುತ್ತದೆ, ಹೂತುಕೊಳ್ಳುವುದು ಕಡಿಮೆಯಾಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಗೇಜು ಮತ್ತು ಬ್ಯಾಟರಿಗೆ ಕಚ್ಚಿಸುವ ಸಣ್ಣ ಕಂಪ್ರೆಸರ್. ಎಚ್ಚರಿಕೆಗಳೂ ಇವೆ. 15ಕ್ಕಿಂತ ಕೆಳಗೆ ಇಳಿಸಿದರೆ ಟೈರು ರಿಮ್ಮಿನಿಂದ ಕಳಚಬಹುದು. ಅಂತರಗಂಗೆ ಬೆಟ್ಟದ ಸುತ್ತಿನಂಥ ಚೂಪುಗಲ್ಲಿನ ದಾರಿಯಲ್ಲಿ ಉಬ್ಬಿದ ಪಕ್ಕ ಸೀಳುತ್ತದೆ, ಅಲ್ಲಿ ಇಷ್ಟು ಇಳಿಸಬೇಡಿ. ಲೋಡ್ ಇದ್ದರಂತೂ ಲೆಕ್ಕವೇ ಬೇರೆ. ಡಾಂಬರು ಹತ್ತುವ ಮೊದಲು ತುಂಬಿಸಲೇಬೇಕು.

ಇಷ್ಟೆಲ್ಲ ಕೇಳಿಯೂ ಎತ್ತಿಸುವವರು ಎರಡು ಜಾಗ ನೋಡಿಕೊಳ್ಳಿ. ಮುಂದಿನ ಡ್ರೈವ್ ಶಾಫ್ಟುಗಳ ಕೋನ ಹೆಚ್ಚಾಗಿ ಅವುಗಳ ಕೀಲು ಮುಚ್ಚುವ ರಬ್ಬರ್ ಬೂಟು ಬೇಗ ಹರಿಯುತ್ತದೆ, ಗ್ರೀಸು ಹೋಗಿ ಮಣ್ಣು ಸೇರುತ್ತದೆ. ಇನ್ನೊಂದು, ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಕಡ್ಡಿ ಇರುತ್ತದೆ, ಲೋಡ್ ನೋಡಿ ಹಿಂದಿನ ಬ್ರೇಕಿನ ಬಲ ಹೊಂದಿಸುವ ವಾಲ್ವಿನದು. ಚಾಸಿ ಎದ್ದರೆ ಅದು ಗಾಡಿ ಖಾಲಿ ಅಂದುಕೊಂಡು ಹಿಂದಿನ ಬ್ರೇಕು ತಗ್ಗಿಸುತ್ತದೆ. ಕಿಟ್ ಹಾಕಿದವರು ಅದನ್ನು ಹೊಂದಿಸದೆ ಕಳಿಸಿದ ಗಾಡಿಗಳು ನನ್ನ ಹತ್ತಿರ ಬಂದಿವೆ. ಕಾನೂನಿನ ಮಾತು ವಕೀಲರಿಗೆ, ಆರ್‌ಟಿಒ ಕಚೇರಿಗೆ ಬಿಟ್ಟದ್ದು. ಆದರೆ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಕೂಡ ಕಾಯ್ದೆಯಲ್ಲಿದೆ. ವಿಮೆಯವರನ್ನೂ ಮೊದಲೇ ಕೇಳಿ.

ನರಸಾಪುರದ ಹುಡುಗ ಕಿಟ್ಟಿನ ದುಡ್ಡಿನಲ್ಲಿ ಹೊಟ್ಟೆಗೆ ಕಲ್ಲೇಟು ತಡೆಯುವ ಗಟ್ಟಿ ಸ್ಕಿಡ್ ಪ್ಲೇಟು, ಅದೇ ಅಳತೆಯ ಆಲ್ ಟೆರೇನ್ ಟೈರು, ಕಂಪ್ರೆಸರ್ ತಗೊಂಡ. ಮಳೆಗಾಲ ಮುಗಿದ ಮೇಲೆ ಗಾಡಿ ತೋರಿಸಲು ಬಂದಿದ್ದ. ನೀವೂ ಬರುವುದಾದರೆ ಗಾಡಿಯ ಅಡಿಭಾಗ ತೊಳೆಸಿಕೊಂಡು ಬನ್ನಿ. ಕೆಸರು ಮೆತ್ತಿದ್ದರೆ ಬೂಟಿನ ಬಿರುಕು ಕಾಣುವುದಿಲ್ಲ.