ಮೊರೋವಿಂಡ್‌ನಿಂದ ಸ್ಕೈರಿಮ್‌ವರೆಗೆ: ದಾರಿ ಕೇಳಿ ಹೋಗುವ ಆಟ, ಬಾಣ ನೋಡಿ ಹೋಗುವ ಆಟ

ಗೇಮ್ ಡಿಸೈನ್ ಕಲಿಯುತ್ತಿರುವ ನಮ್ಮಂಥವರಿಗೆ ಎಲ್ಡರ್ ಸ್ಕ್ರೋಲ್ಸ್ ಎಂಬ ವಿಡಿಯೋ ಗೇಮ್ ಸರಣಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಒಂದೇ ಕಂಪನಿ, ಅಮೆರಿಕದ ಮೇರಿಲ್ಯಾಂಡ್‌ನ ಬೆಥೆಸ್ಡಾ. ಒಂದೇ ಲೋಕ, ಟಾಮ್ರಿಯಲ್. 1994ರಲ್ಲಿ ಅರೇನಾ, 1996ರಲ್ಲಿ ಡ್ಯಾಗರ್‌ಫಾಲ್, 2002ರಲ್ಲಿ ಮೊರೋವಿಂಡ್, 2006ರಲ್ಲಿ ಒಬ್ಲಿವಿಯನ್, 2011ರಲ್ಲಿ ಸ್ಕೈರಿಮ್. ಈ ಟಿಪ್ಪಣಿಯಲ್ಲಿ ಕೊನೆಯ ಮೂರನ್ನು ಮಾತ್ರ ಹಿಡಿದುಕೊಂಡಿದ್ದೇನೆ. ಮೂರೂ ಒಂದೇ ಥರ ಶುರುವಾಗುತ್ತವೆ, ನೀವೊಬ್ಬ ಕೈದಿ. ಹಾಗಾಗಿ ಪಕ್ಕಪಕ್ಕ ಇಟ್ಟು ನೋಡುವುದು ಸುಲಭ.

ಹಳೆಯದು ಕಷ್ಟ, ಹೊಸದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ತಪ್ಪೇನಿಲ್ಲ, ಆದರೆ ಅದರಿಂದ ಕಲಿಯುವುದಕ್ಕೆ ಏನೂ ಸಿಗುವುದಿಲ್ಲ. ನಾನು ಕೇಳಿಕೊಂಡ ಪ್ರಶ್ನೆ ಬೇರೆ: ಆಟಗಾರನಿಗೆ ಬೇಕಾದ ಮಾಹಿತಿಯನ್ನು ಆಟ ಎಲ್ಲಿ ಇಟ್ಟಿದೆ? ಪಾತ್ರಗಳ ಮಾತಿನಲ್ಲಾ, ಪರದೆಯ ಮೇಲಾ, ಇಲ್ಲ ಸುತ್ತಲಿನ ಜಾಗದಲ್ಲೇನಾ? ಈ ಒಂದು ಪ್ರಶ್ನೆ ಹಿಡಿದು ಹೊರಟರೆ ಮೂರು ಆಟಗಳ ಎಷ್ಟೋ ವ್ಯತ್ಯಾಸಗಳು ಒಂದೇ ದಾರದಲ್ಲಿ ಪೋಣಿಸಿಕೊಂಡು ಬರುತ್ತವೆ.

ಪುಟ್ಟ ಪೆಟ್ಟಿಗೆಯ ಪಾಠ

ಮೊರೋವಿಂಡ್‌ನಲ್ಲಿ ಬಾಲ್ಮೋರಾ ಎಂಬ ಊರಿದೆ. ಅಲ್ಲಿ ಅಂಗಿ ಹಾಕದ ಒಬ್ಬ ವಯಸ್ಸಾದ ಗೂಢಚಾರ, ಕೈಯಸ್ ಕೊಸಾಡೆಸ್. ಅವನು ನಿಮ್ಮನ್ನು ಅದೇ ಊರಿನ ಫೈಟರ್ಸ್ ಗಿಲ್ಡ್‌ನಲ್ಲಿರುವ ಹಾಸ್ಫಾಟ್ ಹತ್ತಿರ ಕಳಿಸುತ್ತಾನೆ. ಹಾಸ್ಫಾಟ್‌ಗೆ ಆರ್ಕಂಗ್‌ತಾಂಡ್ ಎಂಬ ಪಾಳುಬಿದ್ದ ಡ್ವೆಮರ್ (ಆ ಲೋಕದಲ್ಲಿ ಹಿಂದೆ ಇದ್ದ ಒಂದು ಜನಾಂಗ) ಜಾಗದಿಂದ ಒಂದು ಪಜಲ್ ಬಾಕ್ಸ್ ಬೇಕು. ಅವನು ದಾರಿಯನ್ನು ಬಾಯಲ್ಲಿ ಹೇಳುತ್ತಾನೆ. ಊರು ಬಿಡಬೇಕು, ನದಿ ದಾಟಬೇಕು, ಕೋಟೆಯ ಹತ್ತಿರ ಕಂದರದ ಮೇಲೆ ಹಳೆಯ ಸೇತುವೆ ಇದೆ, ಅದನ್ನು ದಾಟಬೇಕು. ಬಾಗಿಲು ಕೈಯಲ್ಲಿ ತಳ್ಳಿದರೆ ತೆರೆಯುವುದಿಲ್ಲ, ಹತ್ತಿರದ ಒಂದು ಕೊಳವೆಯ ಮೇಲೆ ತಿರುಗಣೆ ಇದೆ, ಅದನ್ನು ತಿರುಗಿಸಬೇಕು. ಅಷ್ಟೇ. ಮ್ಯಾಪ್ ಮೇಲೆ ಬಾಣ ಇಲ್ಲ, ಹೊಳೆಯುವ ಗುರುತು ಇಲ್ಲ.

ನಮ್ಮ ಹಳ್ಳಿಗಳಲ್ಲಿ ದಾರಿ ಕೇಳಿದರೆ ಹೀಗೇ ಹೇಳುತ್ತಾರೆ ಅಲ್ವಾ: ಅರಳೀಕಟ್ಟೆ ದಾಟಿ, ಹಾಲಿನ ಡೈರಿ ಹತ್ತಿರ ಬಲಕ್ಕೆ ಹೊರಳಿ, ಅಲ್ಲಿಂದ ಯಾರನ್ನು ಕೇಳಿದರೂ ತೋರಿಸುತ್ತಾರೆ. ಹಾಗೆ ಹೇಳಿದರೆ ಅರಳೀಕಟ್ಟೆ ಕಣ್ಣಿಗೆ ಬೀಳುವಂತಿರಬೇಕು, ಡೈರಿ ಅಲ್ಲೇ ಇರಬೇಕು. ಡಿಸೈನ್ ಕಲಿಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬಾಯಿಮಾತಿನ ದಾರಿ ಕೊಡುವ ಆಟ ತನ್ನ ನೆಲವನ್ನು ಗುರುತು ಸಿಗುವ ಹಾಗೆ ಕಟ್ಟಲೇಬೇಕು. ಕವಲುದಾರಿಯಲ್ಲಿ ಕೈಕಂಬ ಬೇಕು, ಸೇತುವೆ ದೂರದಿಂದಲೇ ಕಾಣಬೇಕು, ಒಂದು ಕಣಿವೆ ಇನ್ನೊಂದರ ಥರ ಇರಬಾರದು. ನಾನು ಮೊದಲ ಸಲ ಹೋದಾಗ ಹಾಳೆಯ ಮೇಲೆ ನದಿ, ಕೋಟೆ, ಸೇತುವೆ ಗೀಚಿಕೊಂಡು ಹೋಗಿದ್ದೆ. ಒಳಗೆ ಹೋದ ಮೇಲೂ ಸುಮಾರು ಹೊತ್ತು ಹುಡುಕಿದೆ. ಆ ಪೆಟ್ಟಿಗೆ ಒಂದು ಪುಟ್ಟ ಚೌಕ, ಕಪಾಟಿನ ಮೇಲೆ ಬೇರೆ ಸಾಮಾನುಗಳ ನಡುವೆ ಸುಮ್ನೆ ಕೂತಿರುತ್ತದೆ. ಕೈಗೆ ಸಿಕ್ಕಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಒಬ್ಲಿವಿಯನ್‌ನಲ್ಲಿ ಇದೆಲ್ಲ ತಲೆಕೆಳಗಾಯಿತು. ಪರದೆಯ ಕೆಳಗೆ ಕಂಪಾಸ್ ಬಂತು, ಅದರ ಮೇಲೆ ಹೋಗಬೇಕಾದ ಕಡೆ ತೋರಿಸುವ ಬಾಣ, ಅಂದರೆ ಮಾರ್ಕರ್ ಬಂತು. ದೊಡ್ಡ ನಗರಗಳಿಗೆ ಮೊದಲಿಂದಲೇ ಮ್ಯಾಪ್ ಮೇಲೆ ಒತ್ತಿ ಹೋಗಬಹುದು. ಇನ್ನೊಂದು ಬದಲಾವಣೆಯೂ ಅದೇ ಹೊತ್ತಿಗೆ ಆಯಿತು: ಎಲ್ಲ ಪಾತ್ರಗಳೂ ದನಿ ತೆಗೆದು ಮಾತಾಡತೊಡಗಿದವು. ಆಟದ ಶುರುವಿನಲ್ಲೇ ಸಾಯುವ ಚಕ್ರವರ್ತಿಗೆ ದನಿ ಕೊಟ್ಟಿದ್ದು ಪ್ಯಾಟ್ರಿಕ್ ಸ್ಟೀವರ್ಟ್. ಮೊರೋವಿಂಡ್‌ನಲ್ಲಿ ಮಾತುಕತೆ ಬಹುಪಾಲು ಬರಹ, ಆದ್ದರಿಂದ ಒಬ್ಬ ಪಾತ್ರ ಅರ್ಧ ಪುಟ ದಾರಿ ಹೇಳಿದರೂ ಖರ್ಚಿಲ್ಲ. ದನಿ ಮುದ್ರಣ ಬಂದರೆ ಪ್ರತಿ ಸಾಲಿಗೂ ದುಡ್ಡು, ಡಿಸ್ಕ್‌ನಲ್ಲಿ ಜಾಗ, ಸೇತುವೆಯ ಜಾಗ ಬದಲಾಯಿಸಿದರೆ ಮತ್ತೆ ಮುದ್ರಣ. ನನ್ನ ಲೆಕ್ಕದಲ್ಲಿ ದನಿ ಮತ್ತು ಮಾರ್ಕರ್ ಜೋಡಿ ಎತ್ತುಗಳು, ಒಂದು ಬಂದ ಮೇಲೆ ಇನ್ನೊಂದನ್ನು ಬಿಟ್ಟಿರುವುದು ಕಷ್ಟ.

ಇದರ ಪರಿಣಾಮ ಸ್ಕೈರಿಮ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿ ಜರ್ನಲ್‌ನಲ್ಲಿ ಕ್ವೆಸ್ಟ್ (ಆಟ ಕೊಡುವ ಕೆಲಸ) ಮೇಲಿನ ಗುರುತು ತೆಗೆದರೆ ಬಾಣ ಹೋಗುತ್ತದೆ. ಆದರೆ ಎಷ್ಟೋ ಕ್ವೆಸ್ಟ್‌ಗಳಲ್ಲಿ ಯಾರೂ ದಾರಿ ಹೇಳಿರುವುದೇ ಇಲ್ಲ, ಜಾಗದ ಹೆಸರು ಮಾತ್ರ ಇರುತ್ತದೆ. ಬಾಣ ತೆಗೆದರೂ ಅದರ ಜಾಗಕ್ಕೆ ಬರಬೇಕಾದ ಮಾತು ಇಲ್ಲ.

ಆದರೂ ಸ್ಕೈರಿಮ್‌ಗೆ ಅನ್ಯಾಯ ಮಾಡಬಾರದು. ಅದರ ಮೊದಲ ಗಂಟೆಯಲ್ಲಿ ಬರುವ ಬ್ಲೀಕ್ ಫಾಲ್ಸ್ ಬ್ಯಾರೋ ನೋಡಿ. ಆಟ ಶುರುವಾಗುವ ಹೆಲ್ಗೆನ್ ಊರಿನಿಂದ ತಪ್ಪಿಸಿಕೊಂಡು ಇಳಿದು ಬರುವಾಗ ಜೊತೆಗಿರುವವನು ಎದುರು ಬೆಟ್ಟದ ಮೇಲಿನ ಕಲ್ಲಿನ ಕಮಾನುಗಳನ್ನು ತೋರಿಸಿ ಹೆಸರು ಹೇಳುತ್ತಾನೆ. ರಿವರ್‌ವುಡ್ ಹಳ್ಳಿಗೆ ಬಂದರೆ ಅದು ತಲೆಯ ಮೇಲೇ ನಿಂತಂತಿರುತ್ತದೆ. ಅಲ್ಲಿ ಬಾಣವೇ ಬೇಕಾಗಿಲ್ಲ, ಬೆಟ್ಟವೇ ಕರೆಯುತ್ತದೆ. ಒಳಗೆ ಮೂರು ತಿರುಗುವ ಕಂಬಗಳಿವೆ. ಅವುಗಳಿಗೆ ಉತ್ತರ ಗೋಡೆಯ ಮೇಲಿನ ಕಲ್ಲಿನ ಮುಖಗಳಲ್ಲಿದೆ, ಅದರಲ್ಲಿ ಒಂದು ಕಳಚಿ ನೆಲಕ್ಕೆ ಬಿದ್ದಿದೆ: ಹಾವು, ಹಾವು, ತಿಮಿಂಗಿಲ. ಇನ್ನೂ ಮುಂದೆ ಮೂರು ಉಂಗುರಗಳ ಬಾಗಿಲು. ಆ ಬಾಗಿಲಿನ ಕೀಲಿಯಾದ ಚಿನ್ನದ ಉಗುರನ್ನು ಚೀಲದಿಂದ ತೆಗೆದು ಅಂಗೈ ಕಡೆ ತಿರುಗಿಸಿ ನೋಡಿದರೆ ಕರಡಿ, ಪತಂಗ, ಗೂಬೆ ಕೆತ್ತಿರುವುದು ಕಾಣುತ್ತದೆ. ಹೊಸ ಆಟ ಮಾತನ್ನು ಕೈಬಿಟ್ಟರೂ ಕಣ್ಣನ್ನು ನಂಬಿದೆ. ಈ ಗುಹೆ ನನಗೆ ಈಗಲೂ ಬಹಳ ಇಷ್ಟ.

ಕತ್ತಿ ತಗುಲಿದ್ದು ಕಣ್ಣಿಗೆ, ಲೆಕ್ಕದಲ್ಲಿ ಅಲ್ಲ

ಮೊರೋವಿಂಡ್ ಶುರುಮಾಡಿದವರು ಮೊದಲ ಹತ್ತು ನಿಮಿಷದಲ್ಲೇ ಬೇಸರ ಮಾಡಿಕೊಳ್ಳುವುದು ಇಲ್ಲಿ. ಹುಳದ ಮೇಲೆ ಕತ್ತಿ ಬೀಸುತ್ತೀರಿ, ಕಣ್ಣಿಗೆ ತಗುಲಿದಂತೆ ಕಾಣುತ್ತದೆ, ಹುಳಕ್ಕೆ ಏನೂ ಆಗುವುದಿಲ್ಲ. ಕಾರಣ, ಒಳಗೆ ದಾಳ ಉರುಳುತ್ತಿರುತ್ತದೆ. ಲೆಕ್ಕ ಒಮ್ಮೆ ಮಾಡಿ ನೋಡೋಣ, ಯಾಕೆಂದರೆ ಇದನ್ನು ತಿಳಿದುಕೊಂಡರೆ ಆಟವೇ ಬೇರೆ ಥರ ಕಾಣುತ್ತದೆ.

ಆಯುಧದ ಸ್ಕಿಲ್ (ಅದರಲ್ಲಿ ಪಾತ್ರಕ್ಕಿರುವ ಪಳಗಿಕೆಯ ಅಂಕಿ), ಅದಕ್ಕೆ ಅಜಿಲಿಟಿಯ (ಚುರುಕುತನ) ಐದನೇ ಒಂದು ಪಾಲು, ಲಕ್‌ನ (ಅದೃಷ್ಟ) ಹತ್ತನೇ ಒಂದು ಪಾಲು ಕೂಡಿಸಿ. ಬಂದದ್ದನ್ನು ದಣಿವಿನ ಅಂಕಿಯಿಂದ ಗುಣಿಸಬೇಕು. ಫ್ಯಾಟಿಗ್ ಪಟ್ಟಿ, ಅಂದರೆ ಮೈಯಲ್ಲಿ ಉಳಿದಿರುವ ಕಸುವು ತೋರಿಸುವ ಪಟ್ಟಿ, ಪೂರ್ತಿ ತುಂಬಿದ್ದರೆ 1.25, ಪೂರ್ತಿ ಖಾಲಿಯಾಗಿದ್ದರೆ 0.75. ಎದುರಾಳಿ ತಪ್ಪಿಸಿಕೊಳ್ಳುವ ಲೆಕ್ಕವೂ ಹೀಗೇ, ಅವನ ಅಜಿಲಿಟಿ ಮತ್ತು ಲಕ್‌ನಿಂದ. ಅದನ್ನು ಕಳೆದರೆ ನೂರಕ್ಕೆ ಎಷ್ಟು ಏಟು ತಗುಲುತ್ತದೆ ಅಂತ ಗೊತ್ತಾಗುತ್ತದೆ.

ಸ್ಕಿಲ್ 30, ಅಜಿಲಿಟಿ 40, ಲಕ್ 40 ಅಂದುಕೊಳ್ಳಿ. 30, 8, 4 ಕೂಡಿ 42. ಸುಸ್ತಾಗಿಲ್ಲದಿದ್ದರೆ 52.5. ಎದುರಾಳಿಗೂ 40, 40 ಇದ್ದು ಅವನೂ ಸುಸ್ತಾಗಿಲ್ಲದಿದ್ದರೆ 15 ಕಳೆಯಿರಿ, ಉಳಿದದ್ದು 37.5. ಈಗ ದೂರದಿಂದ ಓಡಿ ಬಂದು ಏದುಸಿರು ಬಿಡುತ್ತಾ ಹೊಡೆದರೆ? 42ರ ಮುಕ್ಕಾಲು 31.5, ಅದರಲ್ಲಿ 15 ಕಳೆದರೆ 16.5. ಓಡಿದ್ದಕ್ಕೇ ಅರ್ಧಕ್ಕಿಂತ ಜಾಸ್ತಿ ಏಟು ಹೋಯಿತು. ಇನ್ನು ಅಭ್ಯಾಸವೇ ಇಲ್ಲದ ಕೊಡಲಿಯನ್ನು, ಅಂದರೆ ಸ್ಕಿಲ್ 5 ಇರುವುದನ್ನು, ನೋಡಲು ಚೆನ್ನಾಗಿದೆ ಅಂತ ಎತ್ತಿಕೊಂಡರೆ ಸುಸ್ತಿಲ್ಲದಿದ್ದರೂ ನೂರಕ್ಕೆ ಆರು ಏಟು ತಗುಲಿದರೆ ಹೆಚ್ಚು.

ಹಾಗಾಗಿ ಹೊಸಬರಿಗೆ ನಾನು ಹೇಳುವುದು ಎರಡೇ ಮಾತು. ಶುರುವಿನಲ್ಲಿ ಆರಿಸಿಕೊಂಡ ಆಯುಧವನ್ನೇ ಹಿಡಿಯಿರಿ, ಜಗಳಕ್ಕೆ ನಡೆದುಕೊಂಡು ಹೋಗಿ. ಈ ಲೆಕ್ಕ ಕೆಟ್ಟದ್ದಲ್ಲ, ಸುಸ್ತಾದವನ ಕೈ ತಪ್ಪುತ್ತದೆ ಅನ್ನುವುದು ನ್ಯಾಯವಾದ ಮಾತು. ಆಟ ಅದನ್ನು ಪರದೆಯ ಮೇಲೆ ಎಲ್ಲೂ ತೋರಿಸುವುದಿಲ್ಲ ಅನ್ನುವುದೇ ಕೊರತೆ. ಕತ್ತಿ ದೇಹದೊಳಗೆ ಹಾದು ಹೋದಂತೆ ಕಂಡು ಏನೂ ಆಗದಿದ್ದರೆ ಆಟವೇ ಕೆಟ್ಟಿದೆ ಅನ್ನಿಸುತ್ತದೆ. ಒಬ್ಲಿವಿಯನ್ ಇದನ್ನು ಸರಿಯಾಗಿಯೇ ತಿದ್ದಿತು: ತಗುಲಿದ್ದು ತಗುಲಿತು, ಸ್ಕಿಲ್ ಕಡಿಮೆ ಇದ್ದರೆ ಪೆಟ್ಟು ಕಡಿಮೆ. ಸ್ಕೈರಿಮ್ ಕೂಡ ಅದೇ ದಾರಿ ಹಿಡಿಯಿತು.

27, 21, 18

ಮೂರು ಆಟಗಳಲ್ಲಿ ಕ್ರಮವಾಗಿ ಇರುವ ಸ್ಕಿಲ್‌ಗಳ ಎಣಿಕೆ ಇದು. ಮೊರೋವಿಂಡ್‌ನಲ್ಲಿ ಉದ್ದ ಕತ್ತಿ ಬೇರೆ, ಗಿಡ್ಡ ಕತ್ತಿ ಬೇರೆ, ಕೊಡಲಿ ಬೇರೆ, ಈಟಿ ಬೇರೆ. ಒಬ್ಲಿವಿಯನ್‌ನಲ್ಲಿ ಎರಡೂ ಕತ್ತಿ ಒಂದಾದವು, ಈಟಿ ಹೋಯಿತು. ಸ್ಕೈರಿಮ್‌ನಲ್ಲಿ ಒಂದು ಕೈಯದು, ಎರಡು ಕೈಯದು ಅಷ್ಟೇ. ಓಟ ಮತ್ತು ಜಿಗಿತದ ಸ್ಕಿಲ್‌ಗಳೂ ಇಲ್ಲ. ಇದೊಂದು ಹೋಗಿದ್ದು ನನಗೆ ನಿಜಕ್ಕೂ ಬೇಜಾರು. ಮೊರೋವಿಂಡ್‌ನಲ್ಲಿ ಮೊದಲ ದಿನ ತೆವಳಿದಂತೆ ನಡೆಯುತ್ತಿದ್ದ ಪಾತ್ರ ಕೊನೆಗೆ ಮನೆಯ ಮಾಳಿಗೆಯಿಂದ ಮಾಳಿಗೆಗೆ ಹಾರುತ್ತದೆ. ಬೆಳೆದಿದ್ದು ಅಂಕಿಯಲ್ಲಿ ಅಲ್ಲ, ಕಾಲಿನಲ್ಲಿ ಗೊತ್ತಾಗುತ್ತದೆ.

ಎಂಟು ಮೂಲ ಗುಣಗಳೂ, ಅಂದರೆ ಸ್ಟ್ರೆಂತ್, ಎಂಡ್ಯೂರೆನ್ಸ್ ಇಂಥವು, ಸ್ಕೈರಿಮ್‌ನಲ್ಲಿ ಹೋಗಿ ಹೆಲ್ತ್ (ಜೀವ), ಮ್ಯಾಜಿಕಾ (ಮಂತ್ರಶಕ್ತಿ), ಸ್ಟ್ಯಾಮಿನಾ (ಕಸುವು) ಮೂರೇ ಉಳಿದವು. ಇಲ್ಲಿ ನಾನು ಹೊಸದರ ಕಡೆ. ಒಬ್ಲಿವಿಯನ್‌ನಲ್ಲಿ ಏನಾಗುತ್ತಿತ್ತು ಅಂದರೆ, ಏಳು ಮುಖ್ಯ ಸ್ಕಿಲ್‌ಗಳು ಸೇರಿ ಹತ್ತು ಸಲ ಏರಿದರೆ ಪಾತ್ರ ಒಂದು ಲೆವೆಲ್, ಅಂದರೆ ಒಂದು ಹಂತ, ಮೇಲೇರುತ್ತದೆ. ಆ ಲೆವೆಲ್‌ನಲ್ಲಿ ಒಂದು ಗುಣಕ್ಕೆ ಸೇರಿದ ಸ್ಕಿಲ್‌ಗಳು ಹತ್ತು ಸಲ ಏರಿದ್ದರೆ ಆ ಗುಣಕ್ಕೆ 5 ಅಂಕ ಸಿಗುತ್ತದೆ, ಏನೂ ಏರದಿದ್ದರೆ 1. ಜೊತೆಗೆ ಪ್ರತಿ ಲೆವೆಲ್‌ಗೆ ಸಿಗುವ ಹೆಲ್ತ್ ಎಂಡ್ಯೂರೆನ್ಸ್‌ನ ಹತ್ತನೇ ಒಂದು ಪಾಲು, ಮತ್ತು ತಡವಾಗಿ ಎಂಡ್ಯೂರೆನ್ಸ್ ಬೆಳೆಸಿದರೆ ಹಿಂದೆ ಕಳೆದುಕೊಂಡದ್ದು ವಾಪಸ್ ಬರುವುದಿಲ್ಲ. ಹೀಗಿದ್ದಾಗ ಆಟಗಾರ ಏನು ಮಾಡುತ್ತಾನೆ? ಯಾವ ಸ್ಕಿಲ್ ಇಷ್ಟವೋ ಅದನ್ನು ಮುಖ್ಯ ಪಟ್ಟಿಯಿಂದ ಹೊರಗಿಟ್ಟು, ಪಕ್ಕದಲ್ಲಿ ಕಾಗದ ಇಟ್ಟುಕೊಂಡು, ಎಷ್ಟು ಸಲ ಏರಿತು ಅಂತ ಗೀಟು ಹಾಕುತ್ತಾ ಆಡುತ್ತಾನೆ. ಪೆಟ್ಟಿಗೆ ಹುಡುಕಲು ಹಾಳೆ ಹಿಡಿದಾಗ ನಾನು ಆ ಲೋಕದೊಳಗೆ ಇದ್ದೆ, ಇಲ್ಲಿ ಹಾಳೆ ಹಿಡಿದರೆ ಲೋಕದಿಂದ ಹೊರಗೆ ಬಂದಿರುತ್ತೇವೆ. 2025ರ ಏಪ್ರಿಲ್‌ನಲ್ಲಿ ಬಂದ ಒಬ್ಲಿವಿಯನ್ ರೀಮಾಸ್ಟರ್ಡ್ ಈ ಕಡೆ ಕೈ ಹಾಕಿದೆ. ಪ್ರತಿ ಲೆವೆಲ್‌ಗೆ 12 ಅಂಕ ಕೊಟ್ಟು, ಬೇಕಾದ ಗುಣಗಳಿಗೆ ಹಂಚಿಕೊಳ್ಳಿ ಅನ್ನುತ್ತದೆ. ಎಂಟು ಗುಣಗಳನ್ನು ಉಳಿಸಿಕೊಂಡೂ ಗೀಟಿನ ಲೆಕ್ಕ ತಪ್ಪಿಸಬಹುದು ಅಂತ ಇದರಿಂದ ಗೊತ್ತಾಗುತ್ತದೆ.

ನೂರು ಚಿನ್ನ ಕೇಳುವ ದರೋಡೆಕೋರ

ಒಬ್ಲಿವಿಯನ್‌ನಲ್ಲಿ ಲೋಕವೇ ನಿಮ್ಮ ಲೆವೆಲ್ ನೋಡಿಕೊಂಡು ಬೆಳೆಯುತ್ತದೆ. ದಾರಿಯಲ್ಲಿ ಒಬ್ಬ ದರೋಡೆಕೋರ ಅಡ್ಡಹಾಕಿ ನೂರು ಚಿನ್ನದ ನಾಣ್ಯ ಕೊಡು ಅನ್ನುತ್ತಾನೆ. ಮೊದಲಿಗೆ ಅವನ ಮೈಮೇಲೆ ಸಾಧಾರಣ ಕವಚ. ನೀವು ದೊಡ್ಡ ಲೆವೆಲ್‌ಗೆ ಬಂದ ಮೇಲೆ ಅವನು ಗ್ಲಾಸ್ ಕವಚ ತೊಟ್ಟು ನಿಂತಿರುತ್ತಾನೆ, ಅದರ ಬೆಲೆ ಸಾವಿರಗಟ್ಟಲೆ, ಆಗಲೂ ಅದೇ ನೂರು ಕೇಳುತ್ತಾನೆ. ಎಲ್ಲಿ ಬೇಕಾದರೂ ಯಾವಾಗ ಬೇಕಾದರೂ ಹೋಗಲಿ ಅನ್ನುವ ಒಳ್ಳೆಯ ಉದ್ದೇಶದಿಂದ ಮಾಡಿದ್ದು ಇದು, ಆದರೆ ಆ ಲೋಕದ ಬಗ್ಗೆ ನಮಗಿರುವ ನಂಬಿಕೆ ಇಲ್ಲಿ ಮುರಿಯುತ್ತದೆ. ಸ್ಕೈರಿಮ್‌ನಲ್ಲಿ ಜಾಗಗಳಿಗೆ ಕನಿಷ್ಠ, ಗರಿಷ್ಠ ಮಿತಿ ಇಟ್ಟು ಇದನ್ನು ಬಹಳ ಮಟ್ಟಿಗೆ ಸರಿಮಾಡಿದರು.

ಮೆಟ್ಟಿಲಿಲ್ಲದ ಮನೆ

ಮೊರೋವಿಂಡ್‌ನಲ್ಲಿ ಟೆಲ್ವಾನಿ ಎಂಬ ಮನೆತನದ ಮಾಂತ್ರಿಕರು ದೊಡ್ಡ ಅಣಬೆಯ ಗೋಪುರಗಳಲ್ಲಿ ಇರುತ್ತಾರೆ. ಮೇಲಿನ ಕೋಣೆಗೆ ಮೆಟ್ಟಿಲೇ ಇಲ್ಲ. ತೇಲುವ ಮಂತ್ರ ಗೊತ್ತಿದ್ದರೆ ಬಾ, ಇಲ್ಲದಿದ್ದರೆ ನಿನ್ನ ಹತ್ತಿರ ನಮಗೇನು ಮಾತು ಅನ್ನುವ ಹಾಗೆ. ಒಂದು ಸಾಲು ಮಾತಿಲ್ಲದೆ ಅವರ ಜಂಬ ಪೂರ್ತಿ ಅರ್ಥವಾಗುತ್ತದೆ. ಕಟ್ಟಡದಿಂದಲೇ ಸ್ವಭಾವ ಹೇಳುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನಾನು ಬೇರೆ ಆಟದಲ್ಲಿ ನೋಡಿಲ್ಲ.

ಅದೇ ಆಟದ ಮೊದಲ ಊರು ಸೇಡಾ ನೀನ್ ಬಿಟ್ಟು ಸ್ವಲ್ಪ ದೂರ ನಡೆದರೆ ಆಕಾಶದಿಂದ ಒಬ್ಬ ಚೀರುತ್ತಾ ಬಿದ್ದು ಸಾಯುತ್ತಾನೆ. ಅವನ ಹತ್ತಿರ ಮೂರು ಸುರುಳಿಗಳು. ಓದಿದರೆ ಏಳು ಸೆಕೆಂಡು ಜಿಗಿತದ ಸ್ಕಿಲ್‌ಗೆ 1000 ಸೇರುತ್ತದೆ. ಹಾರಿದಿರೋ ಅರ್ಧ ದ್ವೀಪ ಕಾಲ ಕೆಳಗೆ ಸರಿಯುತ್ತದೆ, ಆದರೆ ಇಳಿಯುವಷ್ಟರಲ್ಲಿ ಏಳು ಸೆಕೆಂಡು ಮುಗಿದಿರುತ್ತದೆ. ಬದುಕಬೇಕಾದರೆ ನೀರಿನಲ್ಲಿ ಬೀಳಬೇಕು, ಇಲ್ಲ ನೆಲ ಮುಟ್ಟುವ ಮುಂಚೆ ಎರಡನೇ ಸುರುಳಿ ಓದಬೇಕು. ಯಾರೂ ಹೇಳಿಕೊಡುವುದಿಲ್ಲ, ಹೆಣವೇ ಪಾಠ.

ಒಬ್ಲಿವಿಯನ್‌ನಲ್ಲಿ ತೇಲುವ ಮಂತ್ರ ಹೋಯಿತು. ಅಲ್ಲಿ ನಗರಗಳು ಬೇರೆ ತುಂಡುಗಳು, ಬಾಗಿಲು ದಾಟಿದಾಗ ಲೋಡ್ ಆಗುತ್ತವೆ. ಗೋಡೆಯ ಮೇಲಿಂದ ತೇಲಿ ಬಂದರೆ ಒಳಗೆ ಊರೇ ಇರುವುದಿಲ್ಲ. ಸ್ಕೈರಿಮ್‌ಗೆ ಬರುವಷ್ಟರಲ್ಲಿ ಸ್ವಂತ ಮಂತ್ರ ಕಟ್ಟಿಕೊಳ್ಳುವ ಸೌಲಭ್ಯವೂ ಇಲ್ಲವಾಯಿತು.

ಓಡಾಟದ ವಿಷಯದಲ್ಲಿ ಮಾತ್ರ ಸ್ಕೈರಿಮ್ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿದೆ, ಒಳ್ಳೆಯ ಅರ್ಥದಲ್ಲಿ. ಮೊರೋವಿಂಡ್‌ನಲ್ಲಿ ಸಿಲ್ಟ್ ಸ್ಟ್ರೈಡರ್ ಎಂಬ ಮನೆಗಿಂತ ಎತ್ತರದ ಹುಳದ ಬೆನ್ನೇರಿ ಊರಿಂದ ಊರಿಗೆ ಹೋಗಬೇಕು, ಕೆಲವು ಕಡೆ ದೋಣಿ, ಕೆಲವು ಕಡೆ ಮಾಂತ್ರಿಕರ ಗಿಲ್ಡ್. ನಮ್ಮ ಬಸ್ ಸ್ಟ್ಯಾಂಡ್‌ಗಳ ಹಾಗೆ, ಎಲ್ಲಿ ಇಳಿದು ಯಾವುದು ಹತ್ತಬೇಕು ಅಂತ ಬಾಯಿಪಾಠ ಆಗುತ್ತದೆ. ಸ್ಕೈರಿಮ್‌ನ ದೊಡ್ಡ ನಗರಗಳ ಹೊರಗೂ ಕುದುರೆಗಾಡಿ ನಿಂತಿರುತ್ತದೆ.

ಹಾಗಾಗಿ ಒಂದು ಅಭ್ಯಾಸ ಮಾಡಿ ನೋಡಿ. ಸ್ಕೈರಿಮ್‌ನಲ್ಲಿ ಹೊಸ ಪಾತ್ರ ಶುರುಮಾಡಿ, ಕ್ವೆಸ್ಟ್ ಗುರುತು ತೆಗೆದು, ಮ್ಯಾಪ್ ಮೇಲೆ ಒತ್ತಿ ಹೋಗುವುದನ್ನು ಬಿಟ್ಟು, ಗಾಡಿ ಮತ್ತು ಕಾಲನ್ನು ಮಾತ್ರ ನಂಬಿ ಐದು ಗಂಟೆ ಆಡಿ. ಎಲ್ಲಿ ದಾರಿ ತಪ್ಪಿತು, ಎಲ್ಲಿ ತಪ್ಪಲಿಲ್ಲ ಅಂತ ಬರೆದಿಡಿ. ತಪ್ಪದ ಜಾಗಗಳಲ್ಲಿ ನಿಂತು ಸುತ್ತ ನೋಡಿ, ಕಮಾನು, ಗೋಪುರ, ಹೊಗೆ, ಕೈಕಂಬ, ಯಾವುದು ನಿಮ್ಮನ್ನು ಅಲ್ಲಿಗೆ ಕರೆತಂದಿತು ಅಂತ. ಆಮೇಲೆ ಮೊರೋವಿಂಡ್ ಹಾಕಿ, ಕೈಯಸ್ ಮನೆಯ ಬಾಗಿಲು ತಟ್ಟಿ.