ಎರಡು ಕಾಸು ಎಂದರೆ ಎಷ್ಟು?

ಚರ್ಚಿನ ಕಟ್ಟಡ ನಿಧಿಗೆ ದೊಡ್ಡ ಮೊತ್ತ ಕೊಟ್ಟವರು ಮೈಕ್ ಹಿಡಿದು, "ಏನೋ, ಬಡ ವಿಧವೆಯ ಎರಡು ಕಾಸು" ಎನ್ನುತ್ತಾರೆ. ಅಷ್ಟರಲ್ಲಿ ಗೋಡೆಯಲ್ಲಿ ಅವರ ಹೆಸರಿನ ಗ್ರಾನೈಟ್ ಕಲ್ಲು ಕೂತಾಗಿರುತ್ತದೆ. ಫ್ಯಾನ್ ಕೊಟ್ಟವರದ್ದೂ ಅದೇ ಮಾತು. ರೆಕ್ಕೆ ರೆಕ್ಕೆಗೂ ಹೆಸರು ಬರೆಸಿರುತ್ತಾರೆ. ವಿನಯಕ್ಕೆ ಹೇಳುವುದು, ಸರಿ. ಆದರೆ ಆ ಮಾತಿಗೆ 'ಚಿಕ್ಕ ಕಾಣಿಕೆ' ಎಂಬ ಅರ್ಥವೇ ಇಲ್ಲ. ಅದು ಬೈಬಲಿನ ಮಾರ್ಕನ ಸುವಾರ್ತೆಯಲ್ಲಿ ಬರುವ ಪ್ರಸಂಗ: ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಶ್ರೀಮಂತರು ಬಹಳ ಹಣ ಹಾಕುವಾಗ ಬಡ ವಿಧವೆಯೊಬ್ಬಳು ಎರಡು ಕಾಸು ಹಾಕುತ್ತಾಳೆ, ಎಲ್ಲರಿಗಿಂತ ಹೆಚ್ಚು ಹಾಕಿದವಳು ಇವಳೇ ಎನ್ನುತ್ತಾನೆ ಯೇಸು.

ಮೊದಲು ನಾಣ್ಯ ನೋಡೋಣ. ಗ್ರೀಕ್ ಮೂಲದಲ್ಲಿ ಅದರ ಹೆಸರು ಲೆಪ್ಟೋನ್, ಅಂದರೆ ತೆಳ್ಳನೆಯದು, ಸಣ್ಣದು. ಭೌತವಿಜ್ಞಾನದ ಲೆಪ್ಟಾನ್ ಕಣಕ್ಕೂ ಹೆಸರು ಬಂದದ್ದು ಇದೇ ಬೇರಿನಿಂದ. ಕನ್ನಡದಲ್ಲಿ ಅದು ಕಾಸಾಯಿತು, ಚೆನ್ನಾಗಿಯೇ ಹೊಂದಿತು. ನಮ್ಮ ಕಾಸೂ ತಾಮ್ರದ ಚಿಲ್ಲರೆಯೇ ಅಲ್ವಾ? ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ನಾಣ್ಯಗಳ ಮೇಲೆ 'ಮಯಿಲಿ ಕಾಸು' ಎಂದು ಕನ್ನಡದಲ್ಲೂ 'ಕ್ಯಾಶ್' ಎಂದು ಇಂಗ್ಲಿಷಿನಲ್ಲೂ ಇದೆ. ಅದನ್ನು ನೋಡಿ ಕಾಸು ಇಂಗ್ಲಿಷಿನಿಂದ ಬಂತು ಎನ್ನುವವರಿದ್ದಾರೆ. ಆದದ್ದು ತಿರುಗಾಮುರುಗಾ. ದಕ್ಷಿಣದ ಕಾಸು ಪೋರ್ಚುಗೀಸರ ಬಾಯಿಗೆ ಬಿದ್ದು, ಆಮೇಲೆ ಇಂಗ್ಲಿಷಿನವರ ನಾಣ್ಯದ ಹೆಸರಾಯಿತು. ಅಂಗಡಿಯ ಕ್ಯಾಶ್ ಕೌಂಟರಿನ ಕ್ಯಾಶ್ ಬೇರೆ, ಅದು 'ಹಣದ ಪೆಟ್ಟಿಗೆ' ಎಂಬ ಅರ್ಥದ ಪದದಿಂದ ಹುಟ್ಟಿದ್ದು.

ಇನ್ನು ಲೆಕ್ಕ. ಎರಡು ಲೆಪ್ಟೋನ್ ಸೇರಿದರೆ ರೋಮನ್ನರ ಒಂದು ಕ್ವಾಡ್ರನ್ಸ್ ನಾಣ್ಯ ಎಂದು ಮಾರ್ಕನೇ ಬಿಡಿಸಿ ಹೇಳುತ್ತಾನೆ. 64 ಕ್ವಾಡ್ರನ್ಸ್‌ಗೆ ಒಂದು ದಿನಾರಿ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುವ ದ್ರಾಕ್ಷಿತೋಟದ ಸಾಮ್ಯದಲ್ಲಿ, ಅಂದರೆ ನೀತಿಕಥೆಯಲ್ಲಿ, ದಿನಾರಿಯೇ ಒಂದು ದಿನದ ಕೂಲಿ. ಇವತ್ತಿನ ಕೂಲಿ 640 ರೂಪಾಯಿ ಎಂದಿಟ್ಟುಕೊಳ್ಳಿ, ಆ ವಿಧವೆ ಹಾಕಿದ್ದು ಹತ್ತು ರೂಪಾಯಿ. ಮನೆಯಲ್ಲಿ ಬೇರೆ ಹಣ ಇರಲಿಲ್ಲ. ಯೇಸು ಲೆಕ್ಕಕ್ಕೆ ಹಿಡಿದದ್ದು ಅದನ್ನೇ: ಉಳಿದವರು ಸಾಕಾಗಿ ಮಿಕ್ಕಿದ್ದರಲ್ಲಿ ಕೊಟ್ಟರು, ಈಕೆ ಇದ್ದದ್ದೆಲ್ಲ ಕೊಟ್ಟಳು. ಹಾಗಾಗಿ ಬ್ಯಾಂಕಿನಲ್ಲಿ ಠೇವಣಿ ಇಟ್ಟುಕೊಂಡು ಲಕ್ಷ ಕೊಟ್ಟರೂ ಅದು ಎರಡು ಕಾಸು ಆಗುವುದಿಲ್ಲ. "ಕೈಲಾದಷ್ಟು ಕೊಟ್ಟೆ" ಅನ್ನಿ, ಸಾಕು.

ಇದಕ್ಕಿಂತ ಕೆಟ್ಟ ಬಳಕೆ ಇನ್ನೊಂದಿದೆ. ಕಾಣಿಕೆ ಚೀಲ ಹೊರಡುವ ಮುಂಚೆ, "ಆ ವಿಧವೆ ಎಲ್ಲಾ ಕೊಟ್ಟಳು, ನೀವ್ಯಾಕೆ ಹಿಂದೆಮುಂದೆ ನೋಡ್ತೀರಿ?" ಎಂದು ಮನೆಬಾಡಿಗೆ ಕಟ್ಟಲು ಒದ್ದಾಡುವವರಿಗೆ ಹೇಳುವುದು. ಹಾಗೆ ಹೇಳುವವರು ಮಾರ್ಕನ 12ನೇ ಅಧ್ಯಾಯದಲ್ಲಿ ಈ ಪ್ರಸಂಗಕ್ಕಿಂತ ಒಂದು ವಚನ ಹಿಂದಕ್ಕೆ ಹೋಗಲಿ. ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಯೇಸು ಬೈದದ್ದು ಅಲ್ಲಿಯೇ, ಈ ಹೆಂಗಸು ಬರುವುದಕ್ಕೆ ಸ್ವಲ್ಪ ಮುಂಚೆ. ಆಕೆಯನ್ನು ತೋರಿಸಿ "ನೀವೂ ಹೀಗೇ ಮಾಡಿ" ಎಂದು ಆತ ಹೇಳಿಲ್ಲ. ಇದು ಹೊಗಳಿಕೆಗಿಂತ ಜಾಸ್ತಿ ಮರುಕದ ಮಾತು ಎಂದು ಓದುವ ಪಂಡಿತರೂ ಇದ್ದಾರೆ. ನನಗೆ ಎರಡೂ ಸೇರಿಯೇ ಕೇಳಿಸುತ್ತದೆ.

ಜನರನ್ನು ಕೊಡಲು ಹುರಿದುಂಬಿಸಬೇಕು ಅಂದರೆ ಊರೂರಲ್ಲಿ ಕ್ರೈಸ್ತ ಸಭೆ ಕಟ್ಟಿದ ಅಪೊಸ್ತಲ ಪೌಲನ ದಾರಿ ಇದೆ. ಜೆರುಸಲೇಮಿನ ಬಡವರಿಗಾಗಿ ಆತ ಗ್ರೀಸಿನ ಕೊರಿಂಥದ ಸಭೆಯವರ ಹತ್ತಿರ ಹಣ ಕೇಳಿದ. ವಾರವಾರವೂ ಗಳಿಕೆಗೆ ತಕ್ಕಷ್ಟು ತೆಗೆದಿಡಿ, ನಾನು ಬಂದಾಗ ವಸೂಲಿ ಬೇಡ ಎಂದು ಬರೆದ. ವರ್ಷ ಕಳೆದರೂ ಅವರದು ಮುಗಿದಿರಲಿಲ್ಲ. ಆಗಲೂ, ಇದು ಅಪ್ಪಣೆಯಲ್ಲ, ಇಲ್ಲದ್ದನ್ನು ಕೊಡಬೇಕಿಲ್ಲ ಎಂದೇ ಬರೆದ. ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದೆಂದು, ಅದನ್ನು ನೋಡಿಕೊಳ್ಳಲು ತನ್ನ ಜೊತೆಗೆಲಸದ ತೀತನ ಜೊತೆ ಸಭೆಗಳೇ ಆರಿಸಿದ ಸಹೋದರನನ್ನೂ ಕಳಿಸಿದ.